ಬ್ಯಾಂಡು ಬಂದಾಗ ಮುಚ್ಚುವ ಕಿಟಕಿ

“ಅಮ್ಮಾ, ಬ್ಯಾಂಡು ಬಂದ ಕೂಡಲೇ ಕಸಿಲ್ದಾ ಅಜ್ಜಿ ಯಾಕೆ ಕಿಟಕಿ ಮುಚ್ಕೋತಾರೆ? ನಾವು ಅಷ್ಟು ಕೆಟ್ಟದಾಗಿ ನುಡಿಸ್ತೀವಾ?”

ಆಲ್ಬಾ ಊರ ಬ್ಯಾಂಡಿಗೆ ಸೇರಿ ಕ್ಲಾರಿನೆಟ್ ಹಿಡಿದದ್ದು ಆ ವರ್ಷವೇ. ಭಾನುವಾರ ಮೊದಲ ಸಲ ಮೆರವಣಿಗೆಯಲ್ಲಿ ನಡೆಯಬೇಕು. ಎದುರುಮನೆಯ ಅಜ್ಜಿ ನೋಡಲೇಬೇಕೆಂದು ಅವಳ ಹಟ. ತಾಯಿ ನಿಯೆವೆಸ್ ಆಲಿವ್ ಕಾರ್ಖಾನೆಗೆ ಹೋದಾಗೆಲ್ಲ ಅವಳನ್ನು ಎತ್ತಿ ಆಡಿಸಿದವರು ಆ ಅಜ್ಜಿಯೇ. ಬೇಸಿಗೆ ಬಂದರೆ ಸ್ಪೇನಿನ ಅಂದಲೂಸಿಯಾದ ಆ ಬೀದಿಯಲ್ಲಿ ಎಲ್ಲರೂ ಕುರ್ಚಿ ಹೊರಗೆ ಹಾಕಿ ಕೂರುತ್ತಾರೆ. ಅಜ್ಜಿ ಮಾತ್ರ ಒಳಗೇ.

ನಿಯೆವೆಸ್‌ಗೆ ಅಜ್ಜಿಯ ಹಳೆಯ ಕಥೆ ಯಾರೂ ಹೇಳಿರಲಿಲ್ಲ. ಅವಳ ಶಾಲೆಯಲ್ಲಿ ಪಾಠ ಸರ್ವಾಧಿಕಾರಿ ಫ್ರಾಂಕೊನ ಕಾಲಕ್ಕೆ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತಿತ್ತು. ಮನೆಯಲ್ಲಿ ಕೇಳಿದರೆ, “ಸುಮ್ನೆ ಊಟ ಮಾಡು.”

ಸಂಜೆ ನಿಯೆವೆಸ್ ಹಿಂಜರಿಯುತ್ತಲೇ ಹೋಗಿ ಕಡಲೆ ಪಾಲಕ್ಕಿನ ಬಟ್ಟಲು ಅಜ್ಜಿಯ ಮುಂದಿಟ್ಟು ಕಿಟಕಿಯ ವಿಷಯ ಕೇಳಿಬಿಟ್ಟಳು.

“ಅದನ್ನ ಹೇಳೋಕೂ ಸುಸ್ತು ಕಣೆ,” ಅಂದರು ಅಜ್ಜಿ. ಆದರೂ ಹೇಳಿದರು. ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆ, ಅಂತರ್ಯುದ್ಧದ ಶುರು. ಫ್ರಾಂಕೊನ ಕಡೆಯವರು ಊರು ಹಿಡಿದರು. ಕೂಲಿಕಾರರ ಸಂಘಕ್ಕೆ ಬಾವುಟ ಹೊಲಿದುಕೊಟ್ಟದ್ದೇ ಆಗಿನ್ನೂ ಹುಡುಗಿಯಾಗಿದ್ದ ಅಜ್ಜಿಯ ತಪ್ಪು. ತಲೆ ಬೋಳಿಸಿ, ಹರಳೆಣ್ಣೆ ಕುಡಿಸಿ, ಬಟ್ಟೆ ಹೊಲಸಾಗುವ ಹಾಗೆ ಬೀದಿ ಬೀದಿ ನಡೆಸಿದರು. ಮುಂದೆ ಮುಂದೆ ಊರ ಬ್ಯಾಂಡು ನುಡಿಸುತ್ತ.

“ನುಡಿಸಿದ್ದು ಯಾರು?”

“ಇನ್ಯಾರು, ನಮ್ಮವರೇ. ಬಂದೂಕು ಅವರ ಬೆನ್ನಿಗೂ ಇತ್ತು. ಆಮೇಲೆ ಆ ಫ್ರಾಂಕೊ ಸಾಯೋವರೆಗೂ ಅದೇ ರಾಜ್ಯ. ನನ್ನ ತಲೆ ಬೋಳಿಸಿದೋನೇ ಅಂಗಡೀಲಿ ಸಕ್ಕರೆ ತೂಗೋನು. ‘ನಮಸ್ಕಾರ, ಮನೇಲೆಲ್ಲ ಚೆನ್ನಾಗಿದಾರಾ’ ಅಂತ ಕೇಳ್ತಿದ್ದೆ. ಏನ್ಮಾಡ್ಲಿ, ಸಕ್ಕರೆ ಬೇಕಿತ್ತಲ್ಲ.”

ನಿಯೆವೆಸ್ ಬಟ್ಟಲನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿದಳು. “ಆಲ್ಬಾನ ಬ್ಯಾಂಡು ಬಿಡಿಸಿಬಿಡ್ತೀನಿ ಅಜ್ಜಿ. ಇಲ್ಲಾಂದ್ರೆ ಹಿಂದಿನ ಬೀದೀಲಿ ಹೋಗಿ ಅಂತ ಹೇಳ್ತೀನಿ.”

“ಹೋಗೇ ಹುಚ್ಚಿ. ಮಗು ಊದಿ ಊದಿ ತುಟಿ ಬಾತ್ಕೊಂಡಿದೆ. ಅವಳು ಅಭ್ಯಾಸ ಮಾಡೋದು ಕೇಳಿ ಬೆಕ್ಕು ಮನೆ ಬಿಟ್ಟೋಯ್ತು, ನಾನಿನ್ನೂ ಇದೀನಲ್ಲ.”

ಇಬ್ಬರೂ ನಕ್ಕರು. ಅಜ್ಜಿಯ ಬೆರಳು ಭುಜದ ಮೇಲಿನ ಬಿಳಿ ಜಡೆಯ ತುದಿ ಸವರುತ್ತಿತ್ತು. ಆ ಬೇಸಿಗೆಯ ನಂತರ ಅದಕ್ಕೆ ಕತ್ತರಿ ತಾಗಿಸಿದವರಲ್ಲ.

“ಕಿಟಕಿ ಮುಚ್ಚಿ ಮುಚ್ಚಿ ನನಗೂ ಸಾಕಾಗಿದೆ,” ಅಂದರು. “ಭಾನುವಾರ ಬೆಳಿಗ್ಗೆ ಬೇಗ ಬಾರೇ. ನನ್ನ ಕೈ ಈಗ ತಲೆವರೆಗೆ ಏಳಲ್ಲ. ತಲೆ ಬಾಚಿ ತುರುಬು ಕಟ್ಟು, ಗಟ್ಟಿಯಾಗಿ, ಎಷ್ಟೇ ಗಾಳಿ ಬಂದ್ರೂ ಬಿಚ್ಚಬಾರದು. ಆಮೇಲೆ ನನ್ನ ಕುರ್ಚೀನ ಬೀದಿಗೆ ತಂದು ಹಾಕು.”