ಬೂದು ಪರದೆಯ ಮುಂದೆ ಕೂತವರು

ಮೊನ್ನೆ ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಒಂದು ಹಳೆಯ ಪೆನ್‌ಡ್ರೈವ್ ಸಿಕ್ಕಿತು. ಅದಕ್ಕೆ ಸುತ್ತಿದ ಬಿಳಿ ಪ್ಲಾಸ್ಟರಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಮುಟ್ಟಬಾರದು’ ಎಂದು ಬರೆದಿತ್ತು. ಅಕ್ಷರ ಕಾಪು ಪೇಟೆಯ ಸ್ಟುಡಿಯೋದ ಅಣ್ಣನದು. ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರೂ ಊರಿಗೆಲ್ಲ ಅವರು ಅಣ್ಣನೇ. ಒಳಗಿದ್ದದ್ದು ಅವರ ಕಂಪ್ಯೂಟರಿನ ಡೆಸ್ಕ್‌ಟಾಪ್ ಸೆಟ್ಟಿಂಗುಗಳು, ಅಷ್ಟೆ...

ಮದುವೆ, ಗೃಹಪ್ರವೇಶ ಎಲ್ಲವನ್ನೂ ಮಾಡುತ್ತಿದ್ದರು. ಆದರೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದದ್ದು ಸಾವಿನ ಮನೆಯ ವೀಡಿಯೊಕ್ಕೆ. ರಜೆ ಸಿಗದೆ ಗಲ್ಫಿನಲ್ಲೇ ಉಳಿದ ಮಕ್ಕಳು ಮೊದಲು ನೋಡುವುದು ಮುಖವನ್ನು. ಆ ಮುಖ ಇದ್ದ ಹಾಗೆಯೇ ಕಾಣಬೇಕು ಎಂಬುದು ಅಣ್ಣನ ಹಠ. ಅವರ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್; ಅದರಲ್ಲಿ ಡೆಸ್ಕ್‌ಟಾಪನ್ನು, ಅಂದರೆ ಪರದೆಯ ಇಡೀ ವಿನ್ಯಾಸವನ್ನೇ, ನಮಗೆ ಬೇಕಾದ ಹಾಗೆ ಆರಿಸಿಕೊಳ್ಳಬಹುದಲ್ಲ, ಅವರು ಇದ್ದುದರಲ್ಲೇ ಬೋಳಾದದ್ದನ್ನು ಆರಿಸಿದ್ದರು. ಹಿನ್ನೆಲೆ ಬರೀ ಬೂದು. ಚಿತ್ರವಿಲ್ಲ, ಟಣ್ ಎನ್ನುವ ನೋಟಿಫಿಕೇಶನ್ ಇಲ್ಲ. ಪಕ್ಕದಲ್ಲಿ ಬಣ್ಣವಿದ್ದರೆ ಕಣ್ಣು ಮೋಸ ಹೋಗುತ್ತದೆ ಎನ್ನುತ್ತಿದ್ದರು. ವೀಡಿಯೊದ ಬಣ್ಣವನ್ನು ಅಳೆದು ತೋರಿಸುವ ಗ್ರಾಫನ್ನು ನಾನು ತೆರೆದು ತೋರಿಸಿದರೆ, “ಅದನ್ನು ನೀನು ನೋಡು ಮಾರಾಯ, ನನಗೆ ಕಣ್ಣುಂಟು” ಎಂದು ನಗುತ್ತಿದ್ದರು.

ನಾನು ಮಣಿಪಾಲದಲ್ಲಿ ಅನಿಮೇಶನ್ ಕಲಿತು ಅವರಲ್ಲಿ ಎಡಿಟಿಂಗಿಗೆ ಸೇರಿದವನು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಾನು ಆಗ ತುಳುಕುತ್ತಲೇ ಇದ್ದೆ. ಎರಡನೇ ಮಾನಿಟರ್ ತಂದಾಗ ಹಳೆಯ ಡೆಸ್ಕ್‌ಟಾಪ್ ಅದರ ಸೆಟ್ಟಿಂಗನ್ನು ದಿನಾ ಮರೆಯುತ್ತಿತ್ತು. ಕೆಡಿಇ ಎಂಬ ಬೇರೆ ಡೆಸ್ಕ್‌ಟಾಪ್ ಹಾಕೋಣ ಎಂದು ಬೆನ್ನು ಹತ್ತಿದೆ. ಅವರು ಹಳೆಯದರ ಪ್ರತಿಯನ್ನು ಆ ಪೆನ್‌ಡ್ರೈವ್‌ನಲ್ಲಿ ತೆಗೆದಿಟ್ಟುಕೊಂಡು ಒಪ್ಪಿದರು. ನಾನು ಅವರ ಬೂದು ಬಣ್ಣವನ್ನೇ ಇಟ್ಟೆ, ಶಾರ್ಟ್‌ಕಟ್‌ಗಳನ್ನೂ ಹಾಗೆಯೇ ಇಟ್ಟೆ. ನನ್ನ ಕಣ್ಣು ಉರಿಯುತ್ತದೆಂದು ಒಂದು ಸೌಲಭ್ಯವನ್ನು ಮಾತ್ರ ಹೆಚ್ಚಿಗೆ ಆನ್ ಮಾಡಿದೆ. ಸಂಜೆಯಾದಂತೆ ಪರದೆ ತಾನಾಗಿ, ನಿಧಾನವಾಗಿ ಹಳದಿಗೆ ತಿರುಗುವಂಥದ್ದು. ಅಣ್ಣನಿಗೆ ಹೇಳುವಷ್ಟು ದೊಡ್ಡ ಸಂಗತಿ ಅನ್ನಿಸಲಿಲ್ಲ.

ಆ ವಾರವೇ ಅಜೆಕಾರಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ಅವರನ್ನು ನೋಡಿಕೊಳ್ಳುತ್ತಿದ್ದದ್ದು ಮಗಳು, ಮಗ ಕುವೈತಿನಲ್ಲಿ. ಅಣ್ಣ ಸಂಜೆ ಕೂತು ಮುಖದ ಬಣ್ಣ ಸರಿ ಮಾಡಿದರು. ಪರದೆಯ ಹಳದಿಯನ್ನು ವೀಡಿಯೊದ ಹಳದಿ ಎಂದುಕೊಂಡು ನೀಲಿ ಸೇರಿಸುತ್ತಾ ಹೋದರು. ವೀಡಿಯೊ ಕುವೈತಿಗೆ ಹೋಯಿತು.

ಮರುದಿನ ಬೆಳಿಗ್ಗೆ ಆ ಮಗಳು ಅಳುತ್ತಾ ಸ್ಟುಡಿಯೋಕ್ಕೆ ಬಂದರು. “ಅಮ್ಮನ ಮುಖ ನೀಲಿ ಆದದ್ದು ಹೇಗೆ, ಅವರಿಗೆ ಎಂತ ಕುಡಿಸಿದ್ದಿ ನೀನು ಅಂತ ಕುವೈತಿನಿಂದ ಅಣ್ಣ ನನ್ನನ್ನೇ ಕೇಳ್ತಾನೆ” ಎಂದರು.

ನಮ್ಮ ಅಣ್ಣ ವೀಡಿಯೊ ತೆರೆದರು. ಬೆಳಗಿನ ಪರದೆಯಲ್ಲಿ ಮುಖ ನೀಲಿಯೇ. ಆಮೇಲೆ ನಮ್ಮ ಎದುರೇ ಕುವೈತಿಗೆ ಫೋನ್ ಮಾಡಿದರು. “ನಿಮ್ಮ ತಂಗಿಯದ್ದು ಎಂತದ್ದೂ ತಪ್ಪಿಲ್ಲ. ನನ್ನ ಕಣ್ಣು ಹೋಗಿದೆ, ವಯಸ್ಸಾಯ್ತಲ್ಲ.” ತಿದ್ದದ ಮೂಲ ವೀಡಿಯೊವನ್ನೂ ಕಳಿಸಿದರು. ಮಗ ನಂಬಿದ. ಅಣ್ಣನೂ ತಾವು ಹೇಳಿದ್ದನ್ನು ನಂಬಿಬಿಟ್ಟರು.

ಅದೇ ಸಂಜೆ ಪರದೆ ಹಳದಿಯಾಗುವಾಗ ನನಗೆ ಹೊಳೆಯಿತು. ಸದ್ದಿಲ್ಲದೆ ಅದನ್ನು ಆಫ್ ಮಾಡಿದೆ. ನಾಳೆ ಹೇಳೋಣ ಎಂದುಕೊಂಡೆ... ಮರುದಿನ ಅವರು ಬಣ್ಣದ ಕೆಲಸವನ್ನೆಲ್ಲ ನನ್ನ ಕೈಗೆ ಕೊಟ್ಟರು. ನಿನ್ನದು ಎಳೆಯ ಕಣ್ಣು ಎಂದರು. ಹೊಗಳಿಸಿಕೊಂಡು ಸುಮ್ಮನಿದ್ದೆ. ಹೇಡಿತನ ಅಂದರೆ ಬೇರೇನಲ್ಲ, ಇದೇ. ಉಡುಪಿಯ ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದರು, ಅಣ್ಣ ನಂಬಲಿಲ್ಲ. ವರ್ಷದೊಳಗೆ ಸ್ಟುಡಿಯೋಕ್ಕೆ ಬರುವುದನ್ನೇ ಬಿಟ್ಟರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಅಕ್ಷರ ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ. ನಿನ್ನೆ ಅವರ ಮನೆಗೆ ಹೋಗಿ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ಅಂದರೆ, ಅವರ ಕಣ್ಣು ಸರಿ ಇತ್ತಾ?” ಎಂದು ಮಾತ್ರ ಕೇಳಿದರು.

ಹೌದು ಎಂದೆ.

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. “ನನ್ನ ಸೀರೆ ಎಂತ ಬಣ್ಣ ಅಂತ ಹೇಳ್ಲಿಕ್ಕೂ ಹೆದರ್ತಿದ್ರು ಮಾರಾಯ. ಕಡೇ ತನಕ ನಾನೇ ಹೇಳಿಕೊಡ್ತಿದ್ದೆ.”