ಅವ್ವನ ಒಳ್ಳೆಯ ಕೈ ಕಟ್ಟಿದ ಅತ್ತೆ

ಕಿಟಕಿಯ ಸರಳು ಹಿಡಿದು ಒಳಗೆ ನೋಡಿದೆ. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಅವಳ ಬಲಗೈಯನ್ನು ಹಳೆ ಸೀರೆಯ ಪಟ್ಟಿಯಿಂದ ಮಂಚದ ಕಾಲಿಗೆ ಕಟ್ಟಲಾಗಿತ್ತು. ಎಡಗೈಯಲ್ಲಂತೂ ಮೊದಲೇ ಜೀವ ಇರಲಿಲ್ಲ. ಇದ್ದ ಒಂದು ಕೈಯನ್ನೂ ಕಟ್ಟಿದ ಮೇಲೆ ಉಳಿದದ್ದೇನು? ಅವ್ವ ಅಳುತ್ತಿದ್ದಳು. ಎದುರಿಗೆ ನನ್ನ ಸೋದರತ್ತೆ ಗಂಗವ್ವ ಕಾಲು ಚಾಚಿ ಕುಳಿತು ಎಲೆ ಅಡಿಕೆ ಜಗಿಯುತ್ತಿದ್ದಳು.

"ಎತ್ತ. ಅತ್ರ ಕೈ ಬರೂದಿಲ್ಲ, ಎತ್ತ," ಅಂದಳು ಅತ್ತೆ.

ನಾನು ಬಾಗಿಲಿಗೆ ಒದ್ದೆ.

ಇದು ಹೋದ ವರ್ಷ ಮಳೆ ಶುರುವಾಗುವ ಮುಂಚಿನ ಮಾತು. ನಮ್ಮೂರು ಬನಹಟ್ಟಿ. ಶಾಲೆ ಅರ್ಧಕ್ಕೆ ಬಿಟ್ಟು ಪವರ್‌ಲೂಮ್ ಶೆಡ್ಡು ಸೇರಿದವನು ನಾನು. ಅಪ್ಪ ಇಲ್ಲ. ಅಕ್ಕನನ್ನು ಮುಧೋಳಕ್ಕೆ ಕೊಟ್ಟಿದ್ದೇವೆ. ಮನೆಯಲ್ಲಿ ಅವ್ವ ಮತ್ತು ನಾನು ಅಷ್ಟೇ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಪಕ್ಕಕ್ಕೆ ವಾಲಿದಳು. ಬಾಯಿ ಸೊಟ್ಟಗಾಯಿತು. ಲಕ್ವಾ ಹೊಡೆದಿತ್ತು. ಕೂಡಲೇ ದವಾಖಾನೆಗೆ ಒಯ್ದದ್ದಕ್ಕೆ ಜೀವ ಉಳಿಯಿತು. ಕಾಲು ಎಳೆದುಕೊಂಡು ನಡೆಯುವಷ್ಟಾದಳು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿ ಕೂತಿತು.

ಜಮಖಂಡಿಯಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಹತ್ತಿರ ಕರೆದುಕೊಂಡು ಹೋಗು ಎಂದು ಡಾಕ್ಟರು ಹೇಳಿದರು. ಹೋದೆವು. ಆ ಮೇಡಂ ಅವ್ವನ ಬೆರಳು ಬಿಡಿಸಿದಾಗ ಅವ್ವ ಚೀರಿದಳು. "ಬಿಡ್ರಿ ಮೇಡಂ, ಸಾಯೂ ಮಟಾ ನಾ ಉಣಸ್ತೇನಿ," ಅಂದೆ. ಆಮೇಲೆ ಅಲ್ಲಿಗೆ ಹೋದಾಗೆಲ್ಲ ನಾನು ಹೊರಗೆ ಚಹಾದ ಅಂಗಡಿಯಲ್ಲೇ ಕೂರುತ್ತಿದ್ದೆ. ಇರುವ ಕೈಯನ್ನು ಎಳೆದು ಎಳೆದು ಇವರು ಮುರಿಯುತ್ತಾರೆ ಎಂದೇ ನನ್ನ ಲೆಕ್ಕ.

ಅವ್ವನಿಗೆ ನೋವಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ನಾವು ಲಿಂಗ ಕಟ್ಟುವವರು. ಅವ್ವ ದಿನಾ ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಿದ ಮೇಲೆಯೇ ಬಾಯಿಗೆ ಏನಾದರೂ ಹಾಕುತ್ತಿದ್ದಳು. ಈಗ ಆ ಅಂಗೈ ತೆರೆಯುತ್ತಿರಲಿಲ್ಲ.

"ಬಲಗೈಯಾಗ ಇಟ್ಕೋಬೇ. ದೇವರೇನ ಕೈ ನೋಡ್ತಾನೇನ?" ಅಂದೆ.

ಕೇಳಲಿಲ್ಲ. ಕರಡಿಗೆಯನ್ನು ಬಿಚ್ಚದೆ ಹಾಗೇ ಕಣ್ಣಿಗೆ ಒತ್ತಿಕೊಂಡು, ಒಂದೆರಡು ತುತ್ತು ಉಂಡು ಗಂಗಾಳ ಸರಿಸಿಬಿಡುವಳು. ದಿನ ಹೋದ ಹಾಗೆ ಕುಪ್ಪಸ ಸಡಿಲವಾಗುತ್ತಾ ಬಂತು. ಲಕ್ವಾದಿಂದ ಉಳಿದವಳು ಉಪವಾಸದಿಂದ ಹೋಗುತ್ತಾಳೆ ಎಂದು ನನಗೆ ಹೆದರಿಕೆ ಹತ್ತಿತು.

ಅಂಥದರಲ್ಲಿ ಅತ್ತೆ ಬಂದಳು. ಬೀಳಗಿ ಕಡೆಯ ಅನಗವಾಡಿಯವಳು, ಅಪ್ಪನ ಅಕ್ಕ. ನನ್ನ ಅಕ್ಕನನ್ನು ತನ್ನ ಮಗನಿಗೆ ತಂದುಕೊಳ್ಳಬೇಕು ಎಂದು ಕಾದಿದ್ದಳು. ಸೋದರಿಕೆ ತನ್ನ ಹಕ್ಕು ಎಂದು ಊರೆಲ್ಲ ಹೇಳಿಕೊಂಡಿದ್ದಳು. ಅವ್ವ ಒಪ್ಪಲಿಲ್ಲ. ಅವತ್ತು ಅತ್ತೆ ನಮ್ಮ ಅಂಗಳದಲ್ಲಿ ನಿಂತು, "ಈ ಮನ್ಯಾಗ ಇನ್ನ ನೀರ ಸೈತ ಮುಟ್ಟೂದಿಲ್ಲ," ಎಂದು ಆಣೆ ಮಾಡಿ ಹೋದಳು. ಅಕ್ಕನ ಮದುವೆಗೂ ಬರಲಿಲ್ಲ. ಅಂಥವಳು ಯಾರೂ ಕರೆಯದೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನ ನೀಲಾ, ಸೊಕ್ಕ ಇಳೀತೇನ?" ಇದು ಅವಳ ಮೊದಲ ಮಾತು.

ಅವ್ವ ಸೊಟ್ಟ ಬಾಯಲ್ಲೇ ನಕ್ಕಳು. ಅದೂ ನನಗೆ ಸರಿ ಕಾಣಲಿಲ್ಲ.

ಮುಧೋಳದ ಅಕ್ಕನಿಗೆ ಫೋನ್ ಮಾಡಿದೆ. "ಅತ್ತಿ ಸುಮ್ಮನ ಬರೂ ಹೆಂಗಸಲ್ಲೋ ಮಲ್ಲ್ಯಾ. ಕಣ್ಣಿಟ್ಟಿರು," ಅಂದಳು. ಕಣ್ಣಿಟ್ಟೆ.

ನೋಡಿದಷ್ಟೂ ಸಂಶಯ ಹೆಚ್ಚಾಯಿತು. ಅತ್ತೆ ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ. ಎದುರು ಮನೆಯ ಶಾಂತಕ್ಕನ ಹತ್ತಿರ ಬಾಟಲಿ ತುಂಬಿಸಿಕೊಂಡು ಬರುತ್ತಿದ್ದಳು. ಆಣೆ ಮುರಿಯದವಳು ಸಿಟ್ಟು ಬಿಟ್ಟಿರುತ್ತಾಳೆಯೇ? ಅವ್ವ ನೀರು ಕೇಳಿದರೆ ತಂಬಿಗೆಯನ್ನು ಕೈಗೆ ಕೊಡುವುದಿಲ್ಲ, ಎಡಗಡೆಗೆ ದೂರ ಇಟ್ಟು ಸುಮ್ಮನೆ ಕೂರುತ್ತಾಳೆ. ಅವ್ವನಿಗೆ ಕೊಡುವ ಚಹಾವನ್ನು ನಾನು ಮೂಸಿ ನೋಡತೊಡಗಿದೆ. ಅವ್ವನ ಕಿವಿಯ ಬೆಂಡೋಲೆ ಇದೆಯೋ ಇಲ್ಲವೋ ಎಂದೂ ದಿನಾ ಸಂಜೆ ನೋಡುತ್ತಿದ್ದೆ. ಒಂದು ಸಂಜೆ ಬೆಂಡೋಲೆ ಇದ್ದವು, ಆದರೆ ಬಲಗೈ ಮಣಿಕಟ್ಟಿನ ಸುತ್ತ ಕೆಂಪು ಗೆರೆ ಎದ್ದಿತ್ತು.

"ಏನಬೇ ಇದು?"

"ಇರಿವಿ ಕಡೀತೋ," ಅಂದಳು ಅವ್ವ, ನನ್ನ ಮುಖ ನೋಡದೆ.

ಇರುವೆ ಕಡಿದರೆ ಕೈ ಸುತ್ತ ಗೆರೆ ಏಳುತ್ತದೆಯೇ? ಅದಲ್ಲದೆ ನಡುಮನೆಯ ನೆಲದ ಮೇಲೆ ಅಲ್ಲಲ್ಲಿ ಬಿಳಿ ಪುಡಿಯ ಕಲೆ ಬೀಳುತ್ತಿತ್ತು. ಅತ್ತೆ ಒರೆಸುತ್ತಿದ್ದಳು, ಮರುದಿನ ಮತ್ತೆ ಇರುತ್ತಿತ್ತು. ಮಾಟ ಮಾಡಿಸುತ್ತಿದ್ದಾಳೆ ಎಂದೇ ತಿಳಿದೆ. ಕೇಳಿದರೆ ಎಚ್ಚರವಾಗುತ್ತಾಳೆ ಎಂದು ಕೇಳಲಿಲ್ಲ.

ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಹಗಲೆಲ್ಲ ಖಟಖಟ ಸಪ್ಪಳ. ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳುವುದಿಲ್ಲ. ಕರೆಂಟು ಹೋದಾಗ ಮಾತ್ರ ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತು ಓಣಿ ಗಪ್ ಆಗುತ್ತದೆ. ಆಗ ಮಂದಿ ಚಹಾಕ್ಕೆ ಹೋಗುತ್ತಾರೆ. ಅವತ್ತು ಹಾಗೆ ಓಣಿಯ ಕೊನೆಯ ನಮ್ಮ ಶೆಡ್ಡಿನಿಂದ ಹೊರಗೆ ಬಂದಾಗ ಶಾಂತಕ್ಕ ತಡೆದಳು.

"ಮಲ್ಲು, ಹೇಳಬಾರದಂದಿದ್ದೆ. ಕರೆಂಟ ಹೋದಾಗ ನಿಮ್ಮವ್ವ ಅಳೂದ ಕೇಳಸ್ತೈತಿ. ಬಾಗಲಾ ಬಡದ್ರ ನಿಮ್ಮತ್ತಿ ತಗ್ಯೂದಿಲ್ಲ."

ನಾನು ಚಹಾಕ್ಕೆ ಹೋಗಲಿಲ್ಲ. ಮನೆಗೆ ಓಡಿದೆ. ಮುಂದಿನದು ಮೊದಲೇ ಹೇಳಿದ್ದೇನೆ. ಕಿಟಕಿ, ಸೀರೆಯ ಪಟ್ಟಿ, ಮಂಚದ ಕಾಲು.

ಎರಡನೇ ಒದೆತಕ್ಕೆ ಅತ್ತೆ ಚಿಲಕ ತೆಗೆದಳು. ಅವಳನ್ನು ದಾಟಿ ಹೋಗಿ ಗಂಟು ಬಿಚ್ಚಿದೆ. ಅವ್ವನ ಮುಂದೆ ಬುಟ್ಟಿಯಲ್ಲಿ ಕಂಡಿಕಿ ಇದ್ದವು. ಮಗ್ಗದ ಲಾಳಿಯೊಳಗೆ ನೂಲು ಸುತ್ತಿ ಹಾಕುತ್ತೇವಲ್ಲ, ಆ ಕಡ್ಡಿಗಳು. ಒಂದಷ್ಟು ನೆಲಕ್ಕೆ ಬಿದ್ದಿದ್ದವು. ಪಕ್ಕದಲ್ಲಿ ಬಿಳಿ ಪುಡಿ.

"ಇದೇನ ಪುಡಿ? ಮಾಟಾ ಮಾಡ್ತಿಯೇನ ನಮ್ಮವ್ವಗ?"

"ವಿಭೂತಿಲೇ ಹುಚ್ಚಾ," ಅಂದಳು ಅತ್ತೆ. ನಗುತ್ತಿದ್ದಳು. ಆ ನಗುವಿಗೆ ನನ್ನ ತಲೆ ಕೆಟ್ಟಿತು. ಗೂಟದಲ್ಲಿದ್ದ ಅವಳ ಚೀಲ ತೆಗೆದು ಅಂಗಳಕ್ಕೆ ಒಗೆದೆ.

"ನಡಿ ಅನಗವಾಡಿಗೆ. ಅಕ್ಕನ್ನ ಕೊಡಲಿಲ್ಲಂತ ನಮ್ಮವ್ವನ ಮ್ಯಾಲೆ ಸೇಡ ತೀರಸ್ಕೋತಿಯೇನ?"

"ಹೋಗ್ತೇನಿ. ಅಕಿ ಹೋಗಂದ್ರ ಹೋಗ್ತೇನಿ," ಅಂದಳು.

ನಾನು ಅವ್ವನ ಕಡೆ ತಿರುಗಿದೆ. ಅವ್ವ ನನ್ನ ಕಡೆ ನೋಡಲಿಲ್ಲ. ಬಿಚ್ಚಿದ ಬಲಗೈಯನ್ನು ಅತ್ತೆಯ ಕಡೆ ಚಾಚಿದಳು.

"ಕಟ್ಟ ಯಕ್ಕಾ. ಮತ್ತ ಕಟ್ಟ."

ಆದರೂ ನಂಬಲಿಲ್ಲ. ಹೆದರಿಸಿ ಕಲಿಸಿದ ಮಾತು ಇರಬಹುದಲ್ಲ.

"ಜಮಖಂಡಿ ಮೇಡಂ ಹೇಳ್ಯಾರ," ಎಂದಳು ಅತ್ತೆ. "ಅಕಿನ್ನ ಒಳಗ ನಾ ಕರಕೊಂಡ ಹೋದಾಗ ನೀ ಚಹಾ ಕುಡಿಯಾಕ ಹೋಗಿದ್ದೆಲ್ಲ, ಆವಾಗ. ನಿನಗ ಹೇಳಬ್ಯಾಡಂತ ನಿಮ್ಮವ್ವನ ಅಂದ್ಲು. ಅಕಿ ಅಳೂದ ನೋಡಿದ್ರ ನೀ ಬಿಡಸ್ತಿ, ಅದಕ್ಕ."

"ನಾಳೆ ಜಮಖಂಡಿಗೆ ನಡೀರಿ ಇಬ್ಬರೂ. ಸುಳ್ಳಾತಂದ್ರ ಅಲ್ಲಿಂದನ ಅನಗವಾಡಿ ಬಸ್ ಹತ್ತಸ್ತೇನಿ," ಅಂದೆ.

ಮರುದಿನ ಬಸ್ಸಿನಲ್ಲಿ ಅತ್ತೆಯನ್ನು ಕಿಟಕಿಯ ಕಡೆ ಕೂರಿಸಿ ನಾನು ಅಡ್ಡ ಕುಳಿತೆ, ನಡುವೆ ಇಳಿದು ಹೋಗಬಾರದೆಂದು. ದವಾಖಾನೆಯಲ್ಲಿ ಇಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಬಿಟ್ಟು ಮೊದಲು ನಾನೊಬ್ಬನೇ ಒಳಗೆ ಹೋದೆ. ಅತ್ತೆ ಮೇಡಂಗೆ ಕಣ್ಣು ಹೊಡೆದರೆ?

"ಚಹಾದಂಗಡ್ಯಾವ್ರು ನೀವ ಅಲ್ರಿ?" ಅಂದರು ಮೇಡಂ. "ಇವತ್ತರೆ ಒಳಗ ಬಂದ್ರೆಲ್ಲ."

ಕೈ ಕಟ್ಟಿದ್ದನ್ನು ಹೇಳಿದೆ. ಅವರ ಮುಖ ಗಂಭೀರವಾಯಿತು. ಇಬ್ಬರನ್ನೂ ಒಳಗೆ ಕರೆಸಿದರು.

"ನೋಡ್ರಿ, ಬಲಗೈನ ಎಲ್ಲಾ ಕೆಲಸ ಮಾಡಿದ್ರ ಎಡಗೈ ಯಾಕ ಏಳತೈತ್ರಿ? ಮಿದುಳು ಆ ಕೈಯನ್ನ ಮರತ ಬಿಡತೈತಿ. ಅದಕ್ಕ ದಿನಾ ಸ್ವಲ್ಪ ಹೊತ್ತು ಬಲಗೈ ಸುಮ್ಮನಿರಸಿ, ಎಡಗೈಗೆ ಕೆಲಸ ಹಚ್ಚರಿ ಅಂತ ನಾನ ಹೇಳೇನಿ. ಎಲ್ಲಾರಿಗೂ ಇದನ್ನ ಹೇಳೂದಿಲ್ಲ. ಇವರಿಗೆ ಬೆರಳು ಒಂದೀಟ ಅಲಗಾಡತಿದ್ವು, ಅದಕ್ಕ ಹೇಳೇನಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಆದ್ರ ಮಂಚಕ್ಕ ಕಟ್ರಿ ಅಂದಿದ್ನೇನ? ಕೈಗೆ ಕಾಲಚೀಲ ಹಾಕ್ರಿ ಅಂದಿದ್ದೆ. ಕಟ್ಟಿದ ಕೈ ಬಾತ್ರ? ವಾಲಿ ಬಿದ್ರ?"

"ಕಾಲಚೀಲಾ ಹಾಕಿದ್ದೆ ರೀ. ಹಲ್ಲೀಲೆ ಕಿತ್ತ ಒಗದ್ಲು. ಇಕಿ ಹಠಾ ನಿಮಗೇನ ಗೊತ್ತರಿ, ಸೋದರಿಕಿ ಮುರದಾಕಿ ಇಕಿ."

ಅವ್ವ ತಲೆ ತಗ್ಗಿಸಿ ನಗುತ್ತಿದ್ದಳು. ಮೇಡಂಗೂ ನಗು ಬಂತು, ಆದರೆ ಬಿಡಲಿಲ್ಲ. ಇನ್ನು ಮೇಲೆ ಕಟ್ಟುವುದಿಲ್ಲ, ದಣಿದರೆ ನಿಲ್ಲಿಸುತ್ತೇನೆ ಎಂದು ಅತ್ತೆಯ ಬಾಯಿಂದಲೇ ಹೇಳಿಸಿದರು. ನನ್ನ ಸಂಶಯ ಅರ್ಧ ಸುಳ್ಳಾಯಿತು. ಅರ್ಧ ಖರೆಯೇ ಆಯಿತು. ಕಟ್ಟಿದ್ದು ಕಟ್ಟಿದ್ದೇ.

ಆಮೇಲೆ ಮೇಡಂ ಅವ್ವನ ಎಡಗೈ ಹಿಡಿದು, "ಬಿಡಸ್ರಿ ನೋಡೂಣು," ಅಂದರು. ಅವ್ವ ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಆ ಮುಷ್ಟಿಯನ್ನೇ ನೋಡಿದಳು. ಹೆಬ್ಬೆರಳು ಮೊದಲು ಸರಿಯಿತು. ಆಮೇಲೆ ಉಳಿದ ಬೆರಳುಗಳು ಒಂದೊಂದಾಗಿ, ಪೂರಾ ಅಲ್ಲ, ಅರ್ಧ. ಯಾರೂ ಮುಟ್ಟಿರಲಿಲ್ಲ. ನಾನು ಅವ್ವನ ಪಕ್ಕದಲ್ಲೇ ಇದ್ದವನು, ಈ ಕೈ ಇಷ್ಟು ಬಿಚ್ಚುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನೆದುರು ಅವಳಿಗೆ ಆ ಕೈಯ ಕೆಲಸವೇ ಬೀಳುತ್ತಿರಲಿಲ್ಲ. ಎಲ್ಲ ನಾನೇ ಮಾಡುತ್ತಿದ್ದೆ.

ಬಿಳಿ ಪುಡಿಯ ವಿಷಯವೂ ಅಲ್ಲೇ ತಿಳಿಯಿತು. ಅವ್ವನಿಗೆ ಬೇಕಾದದ್ದು ಒಂದೇ, ಅಂಗೈಯಲ್ಲಿ ಲಿಂಗ ನಿಲ್ಲಬೇಕು. ಆದರೆ ಲಿಂಗ ಕೆಳಗೆ ಬಿದ್ದರೆ ಅವಳು ಎದೆಯೊಡೆದು ಸಾಯುತ್ತಾಳೆ. ಅದಕ್ಕೆ ಅತ್ತೆ ಅಂಗೈಯಲ್ಲಿ ವಿಭೂತಿಯ ಗಟ್ಟಿ ಇಟ್ಟು ರೂಢಿ ಮಾಡಿಸುತ್ತಿದ್ದಳು. ಅದು ಬಿದ್ದು ಬಿದ್ದು ನೆಲವೆಲ್ಲ ಬೆಳ್ಳಗಾಗುತ್ತಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ಅತ್ತಿ, ಖರೆ ಹೇಳು. ಯಾಕ ಬಂದಿ?"

ಅತ್ತೆ ಕಿಟಕಿಯಿಂದ ಎಲೆ ಅಡಿಕೆ ಉಗುಳಿದಳು. "ನಿಮ್ಮ ಮಾವಗ ಲಕ್ವಾ ಹೊಡದಾಗ ನಾವು ಗಾದಿ ಮ್ಯಾಲಿಂದ ಇಳಿಯಾಕ ಬಿಡಲಿಲ್ಲ. ಕೈಗೆ ನೀರು, ಬಾಯಿಗೆ ತುತ್ತು. ಉಣಿಸಿ ಉಣಿಸಿ ಕಟಗಿ ಮಾಡಿ ಹಾಕಿದ್ವಿ. ಹಂಗಾ ಹೋದ್ರು." ಆಮೇಲೆ ಅವ್ವನ ಕಡೆ ಕೈ ತೋರಿಸಿ, "ಮತ್ತ ಇಕಿ ಜೋಡಿ ನಂದಿನ್ನೂ ಜಗಳ ಮುಗದಿಲ್ಲ. ಒಂದ ಕೈಯಾಕಿ ಜೋಡಿ ಏನ ಜಗಳಾ ಮಾಡ್ಲಿ?" ಅಂದಳು.

ಅವತ್ತಿನಿಂದ ಅವ್ವನ ಬಲಗೈಗೆ ಕಾಲುಚೀಲ ಹಾಕುವುದು ನನ್ನ ಕೆಲಸವಾಯಿತು. ಗಂಟು ಹಾಕುತ್ತಾಳೋ ಎಂದು ಅತ್ತೆಯ ಮೇಲೆ ಒಂದು ಕಣ್ಣು ಇಟ್ಟೇ ಇದ್ದೆ. ಅವ್ವ ಅತ್ತಳು, ಬೈದಳು, ಕಂಡಿಕಿ ಒಗೆದಳು. ನಾನು ಎದ್ದು ಹೊರಗೆ ಹೋಗಲಿಲ್ಲ. ಅದು ಸುಲಭ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಅವ್ವ ತಾನೇ ಕರಡಿಗೆ ಬಿಚ್ಚಿದಳು. ಅತ್ತೆ ಕೆಳಗೆ ಸೆರಗು ಹಿಡಿದು ಕುಳಿತಳು, ಬಿದ್ದರೆ ನೆಲಕ್ಕೆ ತಾಗಬಾರದೆಂದು. ಅವ್ವ ಎಡಗೈ ಬಿಡಿಸಿದಳು. ಅಂಗೈ ಸಪಾಟಾಗಲಿಲ್ಲ, ದೊನ್ನೆಯ ಹಾಗೆ ಬಾಗಿತ್ತು. ಅದರೊಳಗೆ ಲಿಂಗ ಇಟ್ಟಳು. ಲಿಂಗ ಸ್ವಲ್ಪ ವಾಲಿತು, ನಿಂತಿತು. ಬಲಗೈಯಿಂದ ನೀರು ಹಾಕಿದಳು. ವಿಭೂತಿ ಹಚ್ಚಿದಳು. ಪತ್ರಿ ಏರಿಸಿದಳು. ಅವತ್ತು ಗಂಗಾಳದಲ್ಲಿ ಹಾಕಿದ್ದೆಲ್ಲ ಉಂಡಳು.

ಉಂಡ ಮೇಲೆ ಸಣ್ಣ ಲೋಟದಲ್ಲಿ ನೀರು ತೆಗೆದುಕೊಂಡು, ಎಡಗೈಯಲ್ಲೇ, ಅತ್ತೆಯ ಮುಂದೆ ಹಿಡಿದಳು. ಅರ್ಧ ನೀರು ನೆಲಕ್ಕೆ ಚೆಲ್ಲಿತು.

"ಕುಡಿ ಯಕ್ಕಾ."

"ಅರ್ಧಾ ಚೆಲ್ಲಿದೆಲ್ಲ. ಉಳದದ್ದ ಕುಡೀಲೇನ ನಾ?" ಅಂದಳು ಅತ್ತೆ. ಕುಡಿದಳು. "ಪೂರಾ ತುಂಬಿ ಕೊಡೂ ಮಟಾ ಈ ಮನಿ ಬಿಟ್ಟ ಹೋಗೂದಿಲ್ಲ, ನೋಡು."

ಹೋಗಿಲ್ಲ. ಈಚೆಗೆ ಅನಗವಾಡಿಯಲ್ಲಿ ತನ್ನ ಸಣ್ಣ ಮಗಳು ಮದುವೆ ವಯಸ್ಸಿಗೆ ಬಂದಿದ್ದಾಳೆ ಎಂದು ನನ್ನೆದುರು ಎರಡು ಮೂರು ಸಲ ಅಂದಿದ್ದಾಳೆ. ಅತ್ತೆ ಸುಮ್ಮನೆ ಬರುವ ಹೆಂಗಸಲ್ಲ ಎಂದು ಅಕ್ಕ ಹೇಳಿದ್ದು ಸುಳ್ಳಲ್ಲ.

ಕರೆಂಟು ಹೋದರೆ ನನ್ನ ಕಿವಿ ಈಗಲೂ ಮನೆಯ ಕಡೆ ಹೋಗುತ್ತದೆ. ಅಳುವುದು ಕೇಳಿಸುವುದಿಲ್ಲ. ಇಬ್ಬರೂ ಜಗಳ ಆಡುವುದು ಕೇಳಿಸುತ್ತದೆ. ಚಹಾ ಕುಡಿದು ಮಗ್ಗಕ್ಕೆ ಹೋಗುತ್ತೇನೆ. ಇಷ್ಟೇ. ಇನ್ನು ಹೇಳುವುದೇನೂ ಇಲ್ಲ.