ಪಟಮಟದ ವಿಳಾಸ

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ಮನೆಯಲ್ಲಿ ಶನಿವಾರ ಮಧ್ಯಾಹ್ನ ಹುಡುಗಿಯರು ಬಾಡಿಗೆಗೆ ಮನೆ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಮನೆಯೊಡತಿಯಾಗಿ ಕುರ್ಚಿಯಲ್ಲಿ ಕೂರುವಳು, ಇನ್ನೊಬ್ಬಳು ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬರುವಳು. ಅದು ನಮ್ಮ ಚರ್ಚು ನಡೆಸುವ ಮನೆ. ಅನಾಥಾಲಯಗಳಲ್ಲಿ ಬೆಳೆದು, ಹದಿನೆಂಟು ತುಂಬಿದ ಮೇಲೆ ಅಲ್ಲಿಂದ ಹೊರಬಿದ್ದ ಹುಡುಗಿಯರು ಒಂದೆರಡು ವರ್ಷ ಅಲ್ಲಿದ್ದು, ಗ್ಯಾಸ್ ಸಿಲಿಂಡರ್ ಬದಲಿಸುವುದು, ಬ್ಯಾಂಕಿನ ಫಾರಂ ತುಂಬುವುದು ಎಲ್ಲ ಕಲಿತು, ಕೆಲಸ ಹಿಡಿದು ಹೋಗುತ್ತಿದ್ದರು. ನಾನು ಗದಗಿನವಳು. ಪರವಾಡದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದಿದ್ದೆ. ರಜೆಯ ದಿನ ಆ ಹುಡುಗಿಯರಿಗೆ ಅರ್ಜಿ ಬರೆಯುವುದನ್ನು ಹೇಳಿಕೊಡುತ್ತಿದ್ದೆ. ನನ್ನ ತೆಲುಗು ಕೇಳಿ ಅವರು ನಗುತ್ತಿದ್ದರು. ನನ್ನ ಬಗ್ಗೆ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಯಾವ ಬೀದಿಯಲ್ಲಿ ಇರುತ್ತೇನೆಂದು ಸಹ ನಾನು ಹೇಳಿರಲಿಲ್ಲ.

ಒಂದು ಶನಿವಾರ ಮನೆಯೊಡತಿಯಾಗಿ ಕೂತವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೀನು ಹುರಿಯೋ ಹಾಗಿಲ್ಲ. ಎಂಟಕ್ಕೆ ಗೇಟು ಹಾಕ್ತೀನಿ. ನಿಮ್ಮಪ್ಪ ಏನು ಮಾಡ್ತಾರಮ್ಮಾ?" ಎಂದಳು. ಆ ಪ್ರಶ್ನೆ ಬಂದಾಗಲೆಲ್ಲ ಎದುರಿಗೆ ನಿಂತವರು ತಡವರಿಸುತ್ತಿದ್ದರು. ಅಂದು ನಿಂತಿದ್ದವಳು ತಡವರಿಸಲಿಲ್ಲ.

"ಅಪ್ಪ ಇದ್ದಿದ್ರೆ ನಿಮ್ಮ ಈ ಸೋರೋ ಮನೆ ಯಾಕೆ ಬೇಕಿತ್ತು ಆಂಟಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ ನಗದೆ ಚಪ್ಪಲಿ ಮೆಟ್ಟಿಕೊಂಡು, "ಬೇರೆ ಮನೆ ನೋಡ್ತೀನಿ" ಎಂದು ನಿಜವಾಗಿಯೇ ಅಂಗಳಕ್ಕೆ ಇಳಿದಳು. ಆಗ ಅವಳಿಗೆ ಹತ್ತೊಂಬತ್ತು. ನಾನು ಹೇಳಹೊರಟಿರುವುದು ಇವಳ ವಿಷಯ.

ಅವಳಿಗೊಬ್ಬ ಸೋದರಮಾವನಿದ್ದ, ತೀರಿಹೋದ ತಾಯಿಯ ತಮ್ಮ. ಏಲೂರಿನ ಕಡೆಯ ಹಳ್ಳಿಯವನು. ಪ್ರತಿ ಕ್ರಿಸ್‌ಮಸ್‌ಗೆ ಅನಾಥಾಲಯಕ್ಕೆ ಬಂದು ಅವಳಿಗೊಂದು ಬಟ್ಟೆ ಕೊಟ್ಟು ಹೋಗುತ್ತಿದ್ದ. ಅವಳಿಗೆ ಹದಿನೇಳಾದಾಗ ತಂದದ್ದು ರೇಷ್ಮೆ ಸೀರೆ. ಹದಿನೆಂಟು ತುಂಬಿದ ದಿನ ಕರೆದುಕೊಂಡು ಹೋಗಿ ಮದುವೆಯಾಗುತ್ತೇನೆ, ಅಕ್ಕನ ಮಗಳು ನನ್ನ ಹಕ್ಕು ಎಂದಿದ್ದ. ಬೇಡವೆಂದದ್ದಕ್ಕೆ ಅವಳ ಮಣಿಕಟ್ಟು ಹಿಡಿದು, ಮುಖದಲ್ಲಿನ ನಗು ಹಾಗೇ ಇಟ್ಟುಕೊಂಡು, ಮೂಳೆ ಬಿರುಕು ಬಿಡುವವರೆಗೆ ತಿರುಚಿದ್ದ. ಆ ಕೈಯಿಂದ ಅವಳಿಗೆ ಇನ್ನೂ ತುಂಬಿದ ಬಕೆಟ್ ಎತ್ತಲಾಗುತ್ತಿರಲಿಲ್ಲ. ಹದಿನೆಂಟು ತುಂಬುವ ಹಿಂದಿನ ದಿನವೇ ಪಾಸ್ಟರ ಹೆಂಡತಿ ಅವಳನ್ನು ಪೆಂಡುರ್ತಿಗೆ ಕರೆತಂದಿದ್ದರು. ನಾವೆಲ್ಲ ಅವರನ್ನು ಅಮ್ಮಗಾರು ಎನ್ನುತ್ತಿದ್ದೆವು. ಇಷ್ಟನ್ನು ನನಗೆ ಹೇಳಿದವರೂ ಅವರೇ. ಅವಳು ನನಗೆ ಹೇಳಿದ್ದು ಒಂದೇ ಮಾತು: ನಾನೆಲ್ಲಿದ್ದೇನೆಂದು ಅವನಿಗೆ ತಿಳಿಯಬಾರದು.

ಮಾರ್ಚ್‌ನಲ್ಲಿ ಅವಳಿಗೆ ವಿಜಯವಾಡದ ಪಟಮಟದಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹತ್ತಿರವೇ ಹೆಂಗಸರ ಹಾಸ್ಟೆಲ್ ಸಿಕ್ಕಿತು. ಮನೆ ಬಿಟ್ಟು ಹೋಗುವವರ ತಲೆಯ ಮೇಲೆ ಕೈಯಿಟ್ಟು ಎಲ್ಲರೂ ಪ್ರಾರ್ಥಿಸುವುದು ಅಲ್ಲಿಯ ರೂಢಿ. ಹೋದ ಮೇಲೆ ಅವರ ವಿಷಯವನ್ನು ತಿಂಗಳ ಪ್ರಾರ್ಥನಾ ಪತ್ರದಲ್ಲಿ ಬರೆಯುವುದೂ ರೂಢಿಯೇ. ಓದಿದವಳೆಂದು ಆ ಪತ್ರ ಸಿದ್ಧಪಡಿಸುವ ಕೆಲಸವನ್ನು ನನಗೆ ವಹಿಸಿದ್ದರು. ನಾನು ಇಂಗ್ಲಿಷಿನಲ್ಲಿ ಬರೆದರೆ ಅಮ್ಮಗಾರು ತೆಲುಗಿಗೆ ತರುತ್ತಿದ್ದರು. ವಿವರ ಇದ್ದರೆ ಜನ ಮನಸ್ಸಿಟ್ಟು ಪ್ರಾರ್ಥಿಸುತ್ತಾರೆ ಎಂದು ಅವರು ಹೇಳುತ್ತಿದ್ದರು. ಲ್ಯಾಬಿನಲ್ಲಿ ಅರ್ಧ ಬರೆದ ದಾಖಲೆಯನ್ನು ದಾಖಲೆ ಎಂದು ಯಾರೂ ಒಪ್ಪುವುದಿಲ್ಲವಾದ್ದರಿಂದ ನನಗೂ ಆ ಮಾತು ಸರಿಯೆನ್ನಿಸಿತ್ತು. ಅವಳ ಹೆಸರು, ಪಟಮಟ, ಆಸ್ಪತ್ರೆ, ಹಾಸ್ಟೆಲ್ ಯಾವ ಶಾಲೆಯ ಹಿಂದಿದೆ, ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ, ಒಬ್ಬಳೇ ನಡೆದು ಬರುವಾಗ ದೇವರು ಕಾಯಲಿ. ಎಲ್ಲ ಬರೆದೆ, ಕೊನೆಗೆ ನನ್ನ ಹೆಸರೂ ಹಾಕಿದೆ.

ಮಾವನ ಮಾತು ನನಗೆ ನೆನಪಿರಲಿಲ್ಲವೆಂದಲ್ಲ. ನನ್ನ ಕಲ್ಪನೆಯಲ್ಲಿ ಅವನು ಓದಲು ಬಾರದ ಕುಡುಕನಾಗಿದ್ದ. ಅವನು ಚರ್ಚಿಗೆ ಹೋಗುವವನೇ ಎಂದು ನಾನು ಕೇಳಲಿಲ್ಲ. ಪತ್ರದ ಫೋಟೊ ಫೋನಿಂದ ಫೋನಿಗೆ ಎಷ್ಟು ಊರುಗಳ ಚರ್ಚುಗಳಿಗೆ ಹೋಗುತ್ತದೆಂದೂ ಕೇಳಲಿಲ್ಲ.

ಮೂರು ವಾರದ ಮೇಲೆ ಪೆಂಡುರ್ತಿಯ ಮನೆಗೆ ಒಂದು ಕರೆ ಬಂತು. ಎತ್ತಿದವಳು ನಾನು. ಮೆತ್ತಗಿನ, ಅವಸರವಿಲ್ಲದ ದನಿ. "ವಂದನಾಲು ಸಿಸ್ಟರ್" ಎಂದು ಶುರುಮಾಡಿ, ನಮ್ಮ ಹುಡುಗಿಗಾಗಿ ನೀವೆಲ್ಲ ಪ್ರಾರ್ಥಿಸುತ್ತಿರುವುದನ್ನು ಓದಿ ಕಣ್ಣು ತುಂಬಿತು, ಮನೆಯವರಾದ ನಾವು ಅವಳನ್ನು ಮರೆತಿಲ್ಲ ಎಂದ. ನೀವು ಯಾರೆಂದು ಕೇಳಿದೆ. ಮೇನಮಾಮ ಎಂದ, ಅಂದರೆ ಸೋದರಮಾವ. ಆಮೇಲೆ ನನ್ನ ಆರೋಗ್ಯ ವಿಚಾರಿಸಿದ.

ಅವಳ ಫೋನು ಎರಡು ದಿನದಿಂದ ಆಫ್ ಆಗಿತ್ತು. ಅಮ್ಮಗಾರು ಬಿ.ಪಿ. ಏರಿ ಮಲಗಿದ್ದರು. ಮರುದಿನ ರಜೆ ಹಾಕಿ ಬೆಳಗಿನ ರೈಲಿಗೆ ನಾನೇ ಹೊರಟೆ. ಅನಕಾಪಲ್ಲಿ, ತುನಿ, ರಾಜಮಂಡ್ರಿ. ಏಲೂರಿನಲ್ಲಿ ರೈಲು ನಿಂತಾಗ ಹತ್ತಿದ ಒಬ್ಬೊಬ್ಬ ಗಂಡಸಿನ ಮುಖವನ್ನೂ ನೋಡಿದೆ. ಯಾವ ಮುಖ ಹುಡುಕಬೇಕೆಂದೇ ನನಗೆ ಗೊತ್ತಿರಲಿಲ್ಲ.

ಹಾಸ್ಟೆಲಿನ ವಾರ್ಡನ್ ಹೊರಗಿನ ಕೋಣೆಯಲ್ಲಿ ಗೋರಿಕಾಯಿ ಸೋಸುತ್ತ ಕೂತಿದ್ದಳು. ನಾನು ಕೇಳುವ ಮೊದಲೇ ಹೇಳಿದಳು: ನಿನ್ನೆ ಅವಳ ಮಾವ ಬಂದಿದ್ದ, ಎಂಥಾ ಮರ್ಯಾದಸ್ಥ, ನನ್ನ ಮಂಡಿನೋವಿಗೆ ಪ್ರಾರ್ಥನೆ ಮಾಡಿ ಹೋದ. ಅವಳು ತಲೆನೋವೆಂದು ಕೆಳಗೆ ಇಳಿಯಲೇ ಇಲ್ಲವಂತೆ. "ಇವತ್ತು ನಾಲ್ಕಕ್ಕೆ ಮತ್ತೆ ಬರ್ತಾನೆ. ಕಾರು ತರ್ತಾನಂತೆ" ಎಂದಳು. ಮೇಜಿನ ಮೇಲೆ ಒಂದು ಚೀಲ ಸೇಬು ಇತ್ತು. ಗೋಡೆಯ ಗಡಿಯಾರದಲ್ಲಿ ಎರಡೂವರೆ.

ಅವಳು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಬಳಿ ಸಿಕ್ಕಳು, ಸಮವಸ್ತ್ರದಲ್ಲೇ. ಕಾಲಬಳಿ ಬಟ್ಟೆಯ ಚೀಲ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಮೂರು ದಿನದ ಹಿಂದೆಯೇ ಹಾಸ್ಟೆಲಿನ ಮೇಲಿನ ಕಿಟಕಿಯಿಂದ ಅವನು ಕಂಡಿದ್ದನಂತೆ, ಎದುರಿನ ಜೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತು ಗೇಟು ನೋಡುತ್ತಿದ್ದನಂತೆ.

"ನಾನು ಇಲ್ಲಿರೋದು ಯಾರಿಗೆ ಗೊತ್ತಿತ್ತು ಅಕ್ಕಾ?"

ನಾನು ಹೇಳಿದೆ. ಪತ್ರದಲ್ಲಿ ಏನೇನು ಬರೆದಿದ್ದೆನೋ ಅಷ್ಟನ್ನೂ ಹೇಳಿದೆ. ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡಳು.

"ಪ್ರಾರ್ಥನೆ ಮಾಡಬೇಡಿ ಅಂತಲ್ಲ ಅಕ್ಕಾ. ನಾನೆಲ್ಲಿದ್ದೀನಿ ಅಂತ ದೇವರಿಗೂ ವಿಳಾಸ ಕೊಡಬೇಕಾ?"

ಪೊಲೀಸ್ ಠಾಣೆಗೆ ಹೋಗೋಣ ಎಂದೆ. ಏನೆಂದು ಹೇಳಲಿ, ಸೇಬು ತಂದ ಎಂದೇ, ಎಂದಳು. ತಾಯಿಯ ಒಡಹುಟ್ಟಿದವನು, ಕೂಡಿಸಿ ಮಾತಾಡಿ ರಾಜಿ ಮಾಡಿಕೊಳ್ಳಿ ಎನ್ನುತ್ತಾರೆ. ಆ ಮಾತುಕತೆಗೆ ತಾನು ಕೂರುವವಳಲ್ಲ. ಹಿರಿಯ ನರ್ಸ್ ಬೇರೆ ಊರಿನಲ್ಲಿ ಯಾರಿಗೋ ಫೋನು ಮಾಡಿ ಕೆಲಸ ಕೇಳಿದ್ದರು. ನಾಲ್ಕೂವರೆಗೆ ಬಸ್ಸು. ಯಾವ ಊರೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

"ನಿಮಗೆ ಗೊತ್ತಿದ್ರೆ ಅವನು ಕೇಳ್ತಾನೆ. ನಿಮಗೆ ಸುಳ್ಳು ಹೇಳೋಕೆ ಬರಲ್ಲ."

ಅವಳು ನನ್ನಿಂದ ಕೇಳಿದ್ದು ಒಂದೇ: ನಾಲ್ಕಕ್ಕೆ ಹಾಸ್ಟೆಲಿನಲ್ಲಿ ಕೂತಿದ್ದು, ಅವನನ್ನು ಒಂದು ಗಂಟೆ ಏಳಲು ಬಿಡಬಾರದು.

ಅವನು ಸರಿಯಾಗಿ ನಾಲ್ಕಕ್ಕೆ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಜಿಪ್ಪಿನ ಕವಚ ಹಾಕಿದ ಬೈಬಲ್ಲು. ನನ್ನ ಪರಿಚಯ ಕೇಳಿ ಎದ್ದು ನಿಂತು ಕೈಮುಗಿದ. ಬೈಬಲ್ಲಿನಿಂದ ನಾನು ಬರೆದ ಪತ್ರದ ಜೆರಾಕ್ಸ್ ಪ್ರತಿ ತೆಗೆದು ಮೊಣಕಾಲ ಮೇಲೆ ಹರಡಿದ. ಅವಳ ಭಾಗದ ಪ್ರತಿ ಸಾಲಿನ ಕೆಳಗೆ ಸ್ಕೇಲು ಹಿಡಿದು ಎಳೆದ ಕೆಂಪು ಗೆರೆ. "ಎಷ್ಟು ಚೆನ್ನಾಗಿ ಬರೀತೀರಿ ಸಿಸ್ಟರ್. ದಾರಿ ಕೇಳೋ ಕೆಲಸಾನೇ ಬೀಳಲಿಲ್ಲ" ಎಂದ.

ನಾನು ಮಾತಾಡಿದೆ. ಅಷ್ಟು ಮಾತಾಡುವವಳಲ್ಲ ನಾನು. ಅವಳ ತಾಯಿಯ ಬಗ್ಗೆ ಕೇಳಿದೆ, ಅವರ ಹಳ್ಳಿಯ ಬಗ್ಗೆ, ಅಲ್ಲಿಯ ಮೀನಿನ ಕೆರೆಗಳ ಬಗ್ಗೆ ಕೇಳಿದೆ. ಎಲ್ಲಕ್ಕೂ ವಿನಯದಿಂದ ಉತ್ತರ ಕೊಟ್ಟ. ವಾರ್ಡನ್ ಟೀ ತಂದಳು. ಹೊರಗೆ ನಿಂತಿದ್ದ ಕಾರಿನಲ್ಲಿ ಇನ್ನಿಬ್ಬರು ಗಂಡಸರಿದ್ದರು, ಇಂಜಿನ್ ಆರಿಸಿರಲಿಲ್ಲ. ನಾಲ್ಕೂಮುಕ್ಕಾಲಿಗೆ ಅವನು ಲೋಟ ಕೆಳಗಿಟ್ಟು, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

"ಹೋಗಿಬಿಟ್ಟಳಲ್ವಾ?"

ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಒಳಗಿಟ್ಟ. "ಪರವಾಗಿಲ್ಲ. ಒಬ್ಬಳೇ ಎಷ್ಟು ದಿನ ಇರ್ತಾಳೆ? ಯಾರಿಗಾದ್ರೂ ಹೇಳ್ತಾಳೆ, ನಿಮಗೇ ಹೇಳ್ತಾಳೆ" ಎಂದು ಎದ್ದ. ಹೋಗುವಾಗ ವಾರ್ಡನ್ನಿನ ಮಂಡಿ ಹೇಗಿದೆ ಎಂದು ವಿಚಾರಿಸಲು ಮರೆಯಲಿಲ್ಲ.

ಎರಡು ವಾರದ ಮೇಲೆ ಅವನು ಪೆಂಡುರ್ತಿಯ ನಮ್ಮ ಚರ್ಚಿಗೆ ಬಂದ. ಹತ್ತಿರದಲ್ಲೇ ಒಂದು ಕೋಣೆ ಹಿಡಿದಿದ್ದಾನೆಂದು ಆಮೇಲೆ ತಿಳಿಯಿತು. ಅವನಿಗೆ ಬರಬೇಡ ಎನ್ನಿ ಎಂದು ಪಾಸ್ಟರಲ್ಲಿ ಕೇಳಿದೆ. ಅವರು ಮುಜುಗರಪಟ್ಟು, ಆರಾಧನೆಗೆ ಬಂದವನನ್ನು ಯಾವ ಬಾಯಲ್ಲಿ ಹೊರಗೆ ಕಳಿಸಲಿ, ಹುಡುಗಿಯರ ಮನೆಯ ಗೇಟು ಮಾತ್ರ ದಾಟಕೂಡದೆಂದು ಹೇಳಿದ್ದೇನೆ ಎಂದರು. ಅವನು ಗೇಟು ದಾಟಲಿಲ್ಲ. ಗಂಡಸರ ಕಡೆ ಮೂರನೇ ಸಾಲಿನ ತುದಿಯಲ್ಲಿ ಕೂತು ಹಾಡುತ್ತಿದ್ದ, ಒಳ್ಳೆಯ ಕಂಠ. ಮುಗಿದ ಮೇಲೆ ಚಪ್ಪಲಿಗಳ ಹತ್ತಿರ ನನಗಾಗಿ ನಿಲ್ಲುತ್ತಿದ್ದ.

"ಏನಾದ್ರೂ ಸುದ್ದಿ ಬಂತಾ ಸಿಸ್ಟರ್?"

"ನನಗೆ ಗೊತ್ತಿಲ್ಲ" ಎನ್ನುತ್ತಿದ್ದೆ. ಅದು ನಿಜವಾಗಿತ್ತು. ಅವನೂ ನಂಬುತ್ತಿದ್ದ, ಗೊತ್ತಾದಾಗ ಹೇಳಿ ಎನ್ನುತ್ತಿದ್ದ. ಹೀಗೆ ಏಳು ಭಾನುವಾರ ಕಳೆದವು. ಅವನ ಬೆನ್ನು ಆ ಸಾಲಿನಲ್ಲಿ ಕಾಣುತ್ತಿರುವಷ್ಟು ದಿನ ಅವಳು ಎಲ್ಲಿದ್ದರೂ ಕ್ಷೇಮವಾಗಿದ್ದಾಳೆ ಎಂದುಕೊಳ್ಳುವುದನ್ನು ನಾನು ಕಲಿತೆ. ಚರ್ಚಿಗೆ ಕಾಲಿಟ್ಟ ಕೂಡಲೇ ಮೊದಲು ಅಲ್ಲಿಗೇ ನೋಡುತ್ತಿದ್ದೆ.

ಕಳೆದ ಭಾನುವಾರ ಅವನು ಬರಲಿಲ್ಲ. ಆರಾಧನೆ ಮುಗಿದ ಮೇಲೆ ಅವನ ಕೋಣೆಯವರೆಗೆ ನಡೆದು ಹೋದೆ. ಬಾಗಿಲಿಗೆ ಬೀಗವಿರಲಿಲ್ಲ. ಮನೆಯ ಯಜಮಾನಿ ಒಳಗೆ ನೀರು ಹಾಕಿ ತೊಳೆಯುತ್ತಿದ್ದಳು. ಶುಕ್ರವಾರ ಒಂದು ಫೋನು ಬಂತು, ತುಂಬಾ ಖುಷಿಯಾಗಿದ್ದ, ಆಗಲೇ ಸಾಮಾನು ಕಟ್ಟಿಕೊಂಡು ಹೊರಟ ಎಂದಳು. ಎಲ್ಲಿಗೆ ಎಂದು ಕೇಳಿದೆ. ಅವಳು ಪೊರಕೆ ನಿಲ್ಲಿಸಿ ಯೋಚಿಸಿದಳು. ಹೇಳಿದ್ದ, ಊರಿನ ಹೆಸರು ತನಗೆ ನೆನಪಾಗುತ್ತಿಲ್ಲ ಎಂದಳು.